ಮೊದಲ ಎಲ್ಕ್ ಬೇಟೆ: ಯಾವ ಫ್ರೇಮ್ ಬ್ಯಾಗು, ಅದನ್ನು ಮೈಗೆ ಕೂರಿಸುವುದು ಹೇಗೆ?

ಮೊದಲಟ್ಯಾಗ್:

ಎಲ್ಲರಿಗೂ ನಮಸ್ಕಾರ. ಈ ವರ್ಷ ಅಮೆರಿಕದ ಕೊಲೊರಾಡೊದಲ್ಲಿ ಎರಡನೇ ರೈಫಲ್ ಸೀಸನ್ನಿಗೆ ಗಂಡು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಟ್ಯಾಗ್, ಅಂದರೆ ಬೇಟೆ ಪರವಾನಗಿ, ಸಿಕ್ಕಿದೆ. ಹಂಟರ್ ಎಜುಕೇಷನ್ (ಬೇಟೆಗಾರರ ತರಬೇತಿ) ಮುಗಿದಿದೆ, ರೈಫಲ್ ಅಭ್ಯಾಸ ನಡೆಯುತ್ತಿದೆ, ಹೊಸ ಬೂಟು ಕಾಲಿಗೆ ಹೊಂದಿಕೊಂಡಿದೆ. ಬಾಕಿ ಇರುವುದು ಬ್ಯಾಗ್ ಒಂದೇ. ಅಲ್ಲೇ ತಲೆ ಕೆಟ್ಟಿದೆ.

ನಾವು ಮೂರು ಜನ. ಗಾಡಿ ನಿಲ್ಲಿಸುವ ಜಾಗದಿಂದ 3 ಮೈಲಿ ಒಳಗೆ ಕ್ಯಾಂಪು, ಎತ್ತರ ಸುಮಾರು 10,000 ಅಡಿ. ಐದು ದಿನ ಇರುತ್ತೇವೆ. ನನ್ನ ಎತ್ತರ 5 ಅಡಿ 10 ಇಂಚು, ತೂಕ 165 ಪೌಂಡು. ಮೂವರಲ್ಲಿ ಒಬ್ಬನಿಗೆ ಮಾತ್ರ ಬೇಟೆಯಾದ ಎಲ್ಕಿನ ಮಾಂಸವನ್ನು ಬೆನ್ನ ಮೇಲೆ ಹೊತ್ತು ಗೊತ್ತು. ಅವನನ್ನು ಕೇಳಿದರೆ "ಹೊತ್ತಾಗ ಗೊತ್ತಾಗುತ್ತೆ ಬಿಡು" ಅಂತಾನೆ.

ನನ್ನ ಹತ್ತಿರ 65 ಲೀಟರಿನ ಹಳೇ ಟ್ರೆಕಿಂಗ್ ಬ್ಯಾಗ್ ಇದೆ. ನೋಡೋಣ ಅಂತ ಮೊನ್ನೆ ಅದರಲ್ಲಿ 40 ಪೌಂಡಿನ ಎರಡು ಉಪ್ಪಿನ ಚೀಲ ಹಾಕಿ ಹೊತ್ತೆ. ಅರ್ಧ ಮೈಲಿಗೆ ಭುಜ ಕಿತ್ತುಬಂತು. ಬ್ಯಾಗಿನ ಬೆನ್ನು ಬಾಳೆ ಎಲೆ ತರಹ ಮಡಚಿಕೊಂಡಿತು. ಹಾಗಾಗಿ ಬೆನ್ನಿಗೆ ಗಟ್ಟಿ ಚೌಕಟ್ಟು ಇರುವ ಫ್ರೇಮ್ ಬ್ಯಾಗೇ ಬೇಕು ಅನ್ನುವುದು ಖಾತ್ರಿ ಆಯಿತು.

ನನ್ನ ಗೊಂದಲ ಇಷ್ಟು. ಫ್ರೇಮ್ ಅಲ್ಯೂಮಿನಿಯಮ್ಮೋ ಕಾರ್ಬನ್ ಫೈಬರ್ರೋ? ಉದ್ದ 24 ಇಂಚೋ 26 ಇಂಚೋ? ಬ್ಯಾಗು 4000 ಕ್ಯೂಬಿಕ್ ಇಂಚು ಸಾಕೋ, 7000 ಬೇಕೋ? ಜೇಬು ಎಷ್ಟಿರಬೇಕು? ವಿಡಿಯೊ ನೋಡಿ ನೋಡಿ ಒಬ್ಬೊಬ್ಬರದು ಒಂದೊಂದು ಮಾತು. ಹೊತ್ತು ಅನುಭವ ಇರುವವರು ಹೇಳಿ.

ಭಾರಹೊತ್ತವ:

ಸುಮ್ನೆ ಯೋಚನೆ ಮಾಡಬೇಡಿ, 7000 ತಗೊಳ್ಳಿ. ದೊಡ್ಡ ಬ್ಯಾಗನ್ನು ಕಟ್ಟಿ ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡಲಾಗುವುದಿಲ್ಲ. ಕಾರ್ಬನ್ ಹಗುರ, ಕಾಸಿದ್ದರೆ ಅದೇ. ಎರಡು ಟ್ರೆಕಿಂಗ್ ಪೋಲ್ (ನಡೆಯುವಾಗ ಊರುವ ಕೋಲು) ಮರೆಯಬೇಡಿ. ಮಿಕ್ಕಿದ್ದೆಲ್ಲ ಬೆಟ್ಟ ಕಲಿಸುತ್ತೆ.

ಒಂಟಿಕೋಲು:

ಬೆಟ್ಟ ಕಲಿಸುತ್ತೆ ನಿಜ, ಆದರೆ ರಾತ್ರಿ ಒಂಬತ್ತಕ್ಕೆ ಕಲಿಸುತ್ತೆ. ನನಗೆ ಹಾಗೇ ಕಲಿಸಿದ್ದು.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನನ್ನ ಮೊದಲ ಫ್ರೇಮ್ ಬ್ಯಾಗನ್ನು ಎತ್ತರ ನೋಡಿ ತಗೊಂಡಿದ್ದೆ. ಆರಡಿ ಇದ್ದೇನೆ, ಉದ್ದದ್ದು ಕೊಡಿ ಅಂದೆ, ಕೊಟ್ಟರು. ಮನೆಯಲ್ಲಿ ಖಾಲಿ ಬ್ಯಾಗು ಹಾಕಿಕೊಂಡು ಕನ್ನಡಿ ನೋಡಿದೆ, ಚೆನ್ನಾಗಿ ಕಂಡಿತು. ಬೇಟೆ ದಿನ ಸಂಜೆ ಐದಕ್ಕೆ ಎಲ್ಕ್ ಬಿತ್ತು. ಮೂಳೆ ಬಿಡಿಸಿದ ಮಾಂಸವನ್ನೆಲ್ಲ ಒಂದೇ ದೊಡ್ಡ ಬಟ್ಟೆ ಚೀಲಕ್ಕೆ ತುಂಬಿ ಬ್ಯಾಗಿನ ಒಳಗೆ ಹಾಕಿದೆ. ಹತ್ತು ಹೆಜ್ಜೆಗೆ ಅದು ಜಾರಿ ತಳದಲ್ಲಿ ಚೆಂಡಿನ ಹಾಗೆ ಕೂತಿತು. ಸೊಂಟದ ಹಿಂದೆ ಯಾರೋ ಮಗು ಜೋತು ಬಿದ್ದು ಎಳೆಯುತ್ತಿರುವ ಹಾಗೆ. ಹಿಂದಕ್ಕೆ ಎಳೆತ ತಡೆಯಲು ನಾನು ಮುಂದೆ ಬಾಗಿದೆ, ಬಾಗಿದ್ದಕ್ಕೆ ಭಾರ ಭುಜಕ್ಕೆ ಬಂತು, ಭುಜ ಉರಿಯಿತೆಂದು ಸೊಂಟದ ಪಟ್ಟಿ ಬಿಗಿದೆ, ಬಿಗಿದದ್ದಕ್ಕೆ ಎಡ ತೊಡೆ ಜೋಮು ಹಿಡಿಯಿತು. ಮೊದಲ ಅರ್ಧ ಮೈಲಿಯಲ್ಲಿ 11 ಸಲ ನಿಂತೆ. ಎಣಿಸಿದ್ದೆ, ಬೇರೆ ಕೆಲಸ ಇರಲಿಲ್ಲ. ಹನ್ನೆರಡನೇ ಸಲ ಬಿದ್ದ ಮರದ ಮೇಲೆ ಕೂರಲು ಹೋದೆ. ಬ್ಯಾಗು ನನ್ನನ್ನು ಹಿಂದಕ್ಕೆ ಎಳೆದುಕೊಂಡು ಮರದ ಆಚೆ ಹೋಯಿತು. ಅಂಗಾತ ಬಿದ್ದ ಜೀರುಂಡೆ ತರಹ ಕೈಕಾಲು ಆಡಿಸುತ್ತಾ ಇದ್ದೆ. ಗೆಳೆಯ ಮೊದಲು ನಕ್ಕ, ಆಮೇಲೆ ಎತ್ತಿದ. ಒಂದು ಪೋಲ್ ಅಲ್ಲೇ ಮುರಿಯಿತು. ಹೆಸರು ಹಾಗೆ ಬಂದದ್ದು.

ಈಗ ವಿಷಯಕ್ಕೆ ಬರುತ್ತೇನೆ. ನೀವು ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಫ್ರೇಮಿನ ಉದ್ದ ಒಂದೇ. ಇನ್ನೂ ಮುಖ್ಯವಾದದ್ದನ್ನು ನೀವು ಕೇಳೇ ಇಲ್ಲ: ಸೊಂಟದ ಪಟ್ಟಿ. ಬೇಟೆಗೆ ಫ್ರೇಮ್ ಬ್ಯಾಗ್ ತಗೊಳ್ಳುವುದು ಹತ್ತುವುದಕ್ಕಲ್ಲ. ಹತ್ತುವಾಗ 45 ಪೌಂಡು ಇರುತ್ತದೆ, ಅದನ್ನು ಯಾವ ಬ್ಯಾಗಾದರೂ ಹೊರುತ್ತದೆ. ಇಳಿಯುವಾಗಿನ ಲೆಕ್ಕ ನೋಡಿ. ಬೆಳೆದ ಗಂಡು ಎಲ್ಕಿನ ಒಂದು ಹಿಂಗಾಲು ಮೂಳೆ ಸಮೇತ 65 ಪೌಂಡು ಅಂತ ಇಟ್ಟುಕೊಳ್ಳಿ. ಬ್ಯಾಗು 6, ರೈಫಲ್ 8, ನೀರು ಬಟ್ಟೆ ಚಾಕು ಸೇರಿ 12. ಆಯ್ತಲ್ಲ 91. ನಿಮ್ಮ ತೂಕದ ಅರ್ಧಕ್ಕಿಂತ ಜಾಸ್ತಿ. ಆ 91 ಪೌಂಡಿಗೆ ಕೂರುವ ಬ್ಯಾಗು ಬೇಕು. ಖಾಲಿ ಇದ್ದಾಗ ಹೇಗೆ ಕಾಣುತ್ತೆ, ಎಷ್ಟು ಜೇಬಿದೆ ಅನ್ನುವುದೆಲ್ಲ ಆಮೇಲಿನ ಮಾತು.

ಬೆನ್ನಿನ ಅಳತೆ ಮೊದಲು ತಗೊಳ್ಳಿ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅಲ್ಲಿಂದ ಟೇಪು ಶುರು. ಎರಡೂ ಕೈ ಸೊಂಟದ ಮೇಲಿಟ್ಟು ಒತ್ತಿ, ಪಕ್ಕದಲ್ಲಿ ಮೂಳೆಯ ಮೇಲಂಚು ಸಿಗುತ್ತದೆ. ಹೆಬ್ಬೆರಳು ಬೆನ್ನಿನ ಕಡೆ ತಿರುಗಿಸಿ. ಎರಡು ಹೆಬ್ಬೆರಳಿನ ನಡುವೆ ಗೆರೆ ಎಳೆದರೆ ಎಲ್ಲಿ ಬರುತ್ತೋ ಅಲ್ಲಿಗೆ ಟೇಪು ಮುಗಿಯಿತು. ಇದನ್ನು ನೀವೇ ಮಾಡಿಕೊಳ್ಳಲಾಗುವುದಿಲ್ಲ, ಇನ್ನೊಬ್ಬರು ಅಳೆಯಬೇಕು. ಆರಡಿ ಇರುವ ನನ್ನ ಬೆನ್ನು 18 ಇಂಚು. ನನಗಿಂತ ಮೂರು ಇಂಚು ಗಿಡ್ಡ ಇರುವ ಗೆಳೆಯನದು 19. ನಾನು ಕಾಲುದ್ದದವನು, ಅಷ್ಟೇ. ಎತ್ತರ ನೋಡಿ ಬ್ಯಾಗ್ ತಗೊಂಡರೆ ಏನಾಗುತ್ತೆ ಅಂತ ಇದರಲ್ಲೇ ಗೊತ್ತಾಗುತ್ತೆ.

ಫ್ರೇಮಿನ ಉದ್ದ ಯಾಕೆ ಬೇಕು ಅಂದರೆ ಲೋಡ್ ಲಿಫ್ಟರಿಗೆ. ಭುಜದ ಪಟ್ಟಿಯ ಮೇಲಿಂದ ಫ್ರೇಮಿನ ತುದಿಗೆ ಹೋಗುವ ಎರಡು ಸಣ್ಣ ಪಟ್ಟಿ ಇರುತ್ತವಲ್ಲ, ಅವು. ಅವು ಭುಜದಿಂದ ಮೇಲಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹೋಗಬೇಕು. ಹಾಗಿದ್ದರೆ ಎಳೆದಾಗ ಪಟ್ಟಿ ಭುಜದಿಂದ ಸ್ವಲ್ಪ ಮೇಲೇಳುತ್ತದೆ, ಭಾರ ಸೊಂಟಕ್ಕೆ ಇಳಿಯುತ್ತದೆ. ನೆಲಕ್ಕೆ ಸಮನಾಗಿ ಮಲಗಿದ್ದರೆ ಎಷ್ಟು ಎಳೆದರೂ ಪಟ್ಟಿ ಭುಜವನ್ನು ಹಿಂದಕ್ಕೆ ಹಿಂಡುತ್ತದೆ ಅಷ್ಟೇ. ಅಂದರೆ ಭುಜಕ್ಕಿಂತ ಮೂರು ನಾಲ್ಕು ಇಂಚು ಮೇಲೆ ಫ್ರೇಮಿನ ತುದಿ ಇರಬೇಕು. ಬೆನ್ನು 18ರ ಒಳಗಿದ್ದರೆ 24 ಇಂಚಿನ ಫ್ರೇಮ್ ನಡೆಯುತ್ತದೆ. 19, 20 ಇದ್ದರೆ ನಾನಾದರೆ 26 ತಗೊಳ್ಳುತ್ತೇನೆ. ಕೊಂಬೆಗೆ ಸಿಗುತ್ತದೆ, ತಲೆ ಎತ್ತಿ ನೋಡಲು ಅಡ್ಡ ಬರುತ್ತದೆ ಅನ್ನುವ ದೂರು ಇದೆ. ಸಿಗುತ್ತದೆ, ಬಗ್ಗಿ ಹೋಗಿ.

ಅಲ್ಯೂಮಿನಿಯಮ್ಮೋ ಕಾರ್ಬನ್ನೋ ಅನ್ನುವುದಕ್ಕೆ ನಾನು ಜಗಳಕ್ಕೆ ಬರುವುದಿಲ್ಲ. ಅಲ್ಯೂಮಿನಿಯಂ ಪಟ್ಟಿಯನ್ನು ಬೆನ್ನಿನ ಆಕಾರಕ್ಕೆ ಬಗ್ಗಿಸಿಕೊಳ್ಳಬಹುದು. ಕಾರ್ಬನ್ ಮಾಡಿದ ಆಕಾರದಲ್ಲೇ ಇರುತ್ತದೆ, ಸ್ವಲ್ಪ ಹಗುರ. 91 ಪೌಂಡು ಹೊತ್ತಾಗ ಆ ಹಗುರ ಗೊತ್ತಾಗುವುದಿಲ್ಲ. ನೋಡಬೇಕಾದದ್ದು ಒಂದೇ: ಭಾರ ಹಾಕಿದಾಗ ಮೇಲಿಂದ ಕೆಳಗೆ ಕುಸಿಯಬಾರದು. ಪಕ್ಕಕ್ಕೆ ಸ್ವಲ್ಪ ತಿರುಚಿದರೆ ಒಳ್ಳೇದೇ, ಇಳಿಜಾರಿನಲ್ಲಿ ಅಡ್ಡ ನಡೆಯುವಾಗ ಸೊಂಟದ ಜೊತೆ ಆಡುತ್ತದೆ.

ಭಾರಹೊತ್ತವ ಅವರ 7000ಕ್ಕೆ ನನ್ನ ತಕರಾರಿದೆ. ಈಗಿನ ಬೇಟೆ ಬ್ಯಾಗುಗಳಲ್ಲಿ ಲೋಡ್ ಶೆಲ್ಫ್ ಅಂತ ಇರುತ್ತದೆ. ಬ್ಯಾಗನ್ನು ಫ್ರೇಮಿನಿಂದ ಬಿಡಿಸಿ, ಎರಡರ ನಡುವೆ ಮಾಂಸ ಇಟ್ಟು, ಬ್ಯಾಗನ್ನೇ ಮೇಲೆ ಒತ್ತಿ ಕಟ್ಟುವುದು. ಮಾಂಸ ಬ್ಯಾಗಿನ ಒಳಗೆ ಹೋಗುವುದೇ ಇಲ್ಲ. ಹಾಗಿದ್ದ ಮೇಲೆ ಮಾಂಸಕ್ಕೆಂದು ದೊಡ್ಡ ಬ್ಯಾಗ್ ಯಾಕೆ? ಐದು ದಿನಕ್ಕೆ 5000 ಸಾಕು, ಅಂದರೆ ಸುಮಾರು 82 ಲೀಟರು. 7000 ತಗೊಂಡರೆ ತುಂಬಿಸಬೇಕು ಅನ್ನಿಸುತ್ತದೆ. ಕುರ್ಚಿ ಬರುತ್ತದೆ, ಎರಡನೇ ಜಾಕೆಟ್ ಬರುತ್ತದೆ. ನನ್ನ ಗೆಳೆಯ ಒಬ್ಬ ದಿಂಬು ತಂದಿದ್ದ.

ಜೇಬು ಎರಡು ಮೂರು ಇದ್ದರೆ ಸಾಕು. ಹಿಪ್ ಬೆಲ್ಟಿನ, ಅಂದರೆ ಸೊಂಟದ ಪಟ್ಟಿಯ, ಮೇಲೆ ಒಂದು ಇರಲಿ.

ಸಣ್ಣಬೆನ್ನು:

ಒಂಟಿಕೋಲು ಸರ್ ಸೊಂಟದ ಪಟ್ಟಿ ಮುಖ್ಯ ಅಂತ ಹೇಳಿ ಅದರ ಬಗ್ಗೆ ಹೇಳದೇ ಹೋದರು. ನಾನು ಹೇಳುತ್ತೇನೆ, ಯಾಕೆಂದರೆ ನನಗೆ ಕಾಟ ಕೊಟ್ಟಿದ್ದು ಅದೇ.

ನನ್ನ ಬೆನ್ನು 16 ಇಂಚು. ಮೊದಲ ಬ್ಯಾಗಿನ ಜೊತೆ ಬಂದ ಬೆಲ್ಟಿನ ಎರಡೂ ಮೆತ್ತೆ ಹೊಟ್ಟೆಯ ಮುಂದೆ ಬಂದು ಒಂದಕ್ಕೊಂದು ತಗುಲುತ್ತಿದ್ದವು. ಇನ್ನೂ ಬಿಗಿಯಬೇಕು ಅಂದರೆ ಜಾಗವೇ ಇಲ್ಲ. ಮಾಂಸ ಹೊತ್ತ ಮೇಲೆ ಬೆಲ್ಟು ಸುಮ್ನೆ ಕೆಳಗೆ ಜಾರಿ ಪೃಷ್ಠದ ಮೇಲೆ ಕೂತಿತು. ಪೂರ್ತಿ ಬಿಗಿದಾಗಲೂ ಮೆತ್ತೆಗಳ ನಡುವೆ ಒಂದು ಗೇಣಿನಷ್ಟಲ್ಲದಿದ್ದರೂ ನಾಲ್ಕು ಬೆರಳಿನಷ್ಟು ಜಾಗ ಉಳಿಯಬೇಕು. ಐದು ದಿನ ಬೆಟ್ಟದಲ್ಲಿದ್ದರೆ ಸೊಂಟವೂ ಕರಗುತ್ತೆ, ಅದಕ್ಕೂ ಸೇರಿಸಿ. ತುಂಬಾ ಕಂಪನಿಗಳು ಬೆಲ್ಟನ್ನು ಬೇರೆ ಸೈಜಿನಲ್ಲಿ ಬದಲಾಯಿಸಿ ಕೊಡುತ್ತಾರೆ. ಕೇಳಿ ತಗೊಳ್ಳಿ.

ಇನ್ನೊಂದು ಸಂಗತಿ, ಗಂಡಸರು ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ. ಪ್ಯಾಂಟಿನ ಬೆಲ್ಟ್ ತೆಗೆದುಬಿಡಿ. ಹಿಪ್ ಬೆಲ್ಟಿನ ಅಡಿಯಲ್ಲಿ ಚರ್ಮದ ಬೆಲ್ಟು, ಅದರ ಬಕಲ್, ಅದರ ಮೇಲೆ ಚಾಕುವಿನ ಒರೆ, ಜೇಬಿನಲ್ಲಿ ಗಾಡಿ ಕೀ. 90 ಪೌಂಡು ಇವೆಲ್ಲದರ ಮೇಲೆ ಕೂರುತ್ತದೆ. ನನಗೆ ಸೊಂಟದಲ್ಲಿ ಗಾಡಿ ಕೀ ಆಕಾರದ ನೀಲಿ ಗುರುತು ಎರಡು ವಾರ ಇತ್ತು. ಈಗ ಸಸ್ಪೆಂಡರ್ ಹಾಕುತ್ತೇನೆ. ನೋಡಲು ಹೇಗಾದರೂ ಇರಲಿ.

ಮೊದಲಟ್ಯಾಗ್:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹೆಂಡತಿ ಕೈಲಿ ಅಳೆಸಿದೆ, ಬೆನ್ನು 19 ಇಂಚು. ಬೇಟೆ ಗೊತ್ತಿರುವ ಗೆಳೆಯನ 24 ಇಂಚಿನ ಅಲ್ಯೂಮಿನಿಯಂ ಫ್ರೇಮ್ ಬ್ಯಾಗನ್ನು ಎರವಲು ತಂದು 60 ಪೌಂಡು ಹಾಕಿ ಹತ್ತಿರದ ಗುಡ್ಡ ಹತ್ತಿ ಇಳಿದೆ. ಹಳೇ ಬ್ಯಾಗಿಗೂ ಇದಕ್ಕೂ ಆಕಾಶ ಭೂಮಿ ವ್ಯತ್ಯಾಸ. ಆದರೂ ಮೂರು ತೊಂದರೆ.

ಲೋಡ್ ಲಿಫ್ಟರ್ ನೀವು ಹೇಳಿದ ಹಾಗೆ ಮಲಗಿದೆ. ಬಲ ತೊಡೆಯ ಹೊರಗಡೆ ಜೋಮು ಬಂತು, ಬ್ಯಾಗ್ ಇಳಿಸಿ ಹತ್ತು ನಿಮಿಷಕ್ಕೆ ಹೋಯಿತು. ಆಮೇಲೆ ಹೆಜ್ಜೆಗೊಮ್ಮೆ ಕಿರ್ ಕಿರ್ ಸದ್ದು. ಎಲ್ಕಿಗೆ ಅರ್ಧ ಮೈಲಿಯಿಂದಲೇ ನನ್ನ ಸುದ್ದಿ ಮುಟ್ಟುತ್ತೆ.

ಮತ್ತೆ, ಮೂಳೆ ಬಿಡಿಸಿದರೆ ಹಗುರ ಅಲ್ವಾ? ಕಾಲನ್ನು ಮೂಳೆ ಸಮೇತ ಯಾಕೆ ಹೊರಬೇಕು?

ಒಂಟಿಕೋಲು:

ಒಂದೊಂದಾಗಿ ಹೇಳುತ್ತೇನೆ.

ಲಿಫ್ಟರ್ ಮಲಗಿದ್ದಕ್ಕೆ ಭುಜದ ಪಟ್ಟಿ ಫ್ರೇಮಿನಲ್ಲಿ ಎಲ್ಲಿ ಸಿಕ್ಕಿದೆ ನೋಡಿ. ಗೆಳೆಯನ ಬೆನ್ನಿಗೆ ಸರಿಮಾಡಿದ್ದು ಹಾಗೇ ಇರುತ್ತದೆ. ಪಟ್ಟಿ ಹೊಲಿಗೆ ಶುರುವಾಗುವ ಜಾಗ ನಿಮ್ಮ ಭುಜದ ಮೇಲ್ಭಾಗಕ್ಕಿಂತ ಒಂದೆರಡು ಇಂಚು ಕೆಳಗಿರಬೇಕು. ಭುಜದ ಹಿಂದಿನಿಂದ ಏರಿ, ಸುತ್ತಿ, ಮುಂದೆ ಇಳಿಯಬೇಕು. ಭುಜದ ಮೇಲೆ ಬೆರಳು ತೂರುವಷ್ಟು ಸಂದಿ ಇದ್ದರೆ ಪಟ್ಟಿ ಜಾಸ್ತಿ ಮೇಲಿದೆ. ಒಂದು ಇಂಚು ಇಳಿಸಿ ಹಾಕಿ ನೋಡಿ. ಲಿಫ್ಟರಿಗೂ ಸ್ವಲ್ಪ ಓರೆ ಬರುತ್ತದೆ. ಇಳಿಸಿದ ಮೇಲೂ ಮಲಗಿದ್ದರೆ ನಿಮಗೆ 26 ಬೇಕು, 24 ವಾಪಸ್ ಕೊಡಿ.

ತೊಡೆ ಜೋಮು ಬಗ್ಗೆ. ತೊಡೆಯ ಹೊರಭಾಗದ ಚರ್ಮಕ್ಕೆ ಹೋಗುವ ನರ ಸೊಂಟದ ಮೂಳೆಯ ಮುಂತುದಿಯ ಹತ್ತಿರವೇ ಹಾಯುತ್ತದೆ. ಬೆಲ್ಟು ಕೆಳಗೆ ಜಾರಿ ಅಲ್ಲಿ ಒತ್ತಿದರೆ ಜೋಮು. ನಾವು ಮಾಡುವ ತಪ್ಪೇನೆಂದರೆ, ಜಾರಿತು ಅಂತ ಜಾರಿದಲ್ಲೇ ಇನ್ನೂ ಬಿಗಿಯುತ್ತೇವೆ. ಬಿಚ್ಚಿ, ಬ್ಯಾಗನ್ನು ಒಂದು ಸಲ ಭುಜ ಕುಣಿಸಿ ಮೇಲೆತ್ತಿ, ಮತ್ತೆ ಕಟ್ಟಬೇಕು. ಮೆತ್ತೆಯ ನಡುಭಾಗ ಪಕ್ಕದ ಮೂಳೆಯ ಮೇಲಂಚಿಗೆ ಬರಬೇಕು, ಅರ್ಧ ಮೇಲೆ ಅರ್ಧ ಕೆಳಗೆ. ನಾನು ಅದಕ್ಕಿಂತ ಒಂದು ಇಂಚು ಮೇಲೆಯೇ ಕಟ್ಟುತ್ತೇನೆ. ಭಾರ ಕೂತ ಮೇಲೆ ಅದು ಹೇಗೂ ಇಳಿಯುತ್ತದೆ. ನುಣುಪು ಮಳೆ ಜಾಕೆಟ್ಟಿನ ಮೇಲೆ ಕಟ್ಟಿದರೆ ಇನ್ನೂ ಬೇಗ ಇಳಿಯುತ್ತದೆ, ಜಾಕೆಟ್ ಎತ್ತಿ ಒಳಗೆ ಕಟ್ಟಿ. ಜೋಮು ದಿನಗಟ್ಟಲೆ ಉಳಿದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಕಟ್ಟುವ ಕ್ರಮವೂ ಇದೆ. ಮೊದಲು ಎಲ್ಲ ಪಟ್ಟಿ ಸಡಿಲ. ಸೊಂಟ ಬಿಗಿ. ಆಮೇಲೆ ಭುಜದ ಪಟ್ಟಿ, ತಗುಲುವಷ್ಟು ಮಾತ್ರ. ಆಮೇಲೆ ಲಿಫ್ಟರ್. ಕೊನೆಗೆ ಎದೆ ಪಟ್ಟಿ, ಅದು ಉಸಿರು ಹಿಡಿಯಬಾರದು. ದಾರಿಯುದ್ದ ಇದನ್ನೇ ಆಡಿಸುತ್ತಿರಬೇಕು. ಹತ್ತು ನಿಮಿಷ ಸೊಂಟ ಹೊರಲಿ, ಎರಡು ನಿಮಿಷ ಭುಜ ಹೊರಲಿ. ಒಂದೇ ತರಹ ಕಟ್ಟಿ ಮೂರು ಮೈಲಿ ನಡೆಯುವವರು ನನಗೆ ಸಿಕ್ಕಿಲ್ಲ.

ಅಂದಹಾಗೆ ಈ ಸೊಂಟಕ್ಕೆ ಹೊರಿಸುವ ಉಪಾಯದ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯೂಮಿನಿಯಂ ಫ್ರೇಮ್ ಬ್ಯಾಗ್ ಮಾಡಿ ಮಾರಲು ಶುರು ಮಾಡಿದವರು. ಚಾರಣದಲ್ಲಿ ಫ್ರೇಮಿನ ಕೆಳತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿಕೊಂಡು ನೋಡಿದಾಗ ಭುಜ ಹಗುರಾಯಿತು, ಅಲ್ಲಿಂದ ಹಿಪ್ ಬೆಲ್ಟು ಹುಟ್ಟಿತು ಅನ್ನುವ ಕಥೆ ಇದೆ. ಕೆಟ್ಟ ಬೆಲ್ಟು ಹಾಕಿಕೊಂಡು ಇಳಿಯುವಾಗಲೆಲ್ಲ ನನಗೂ ಹಿಂಜೇಬು ನೆನಪಾಗುತ್ತೆ.

ಕಿರ್ ಕಿರ್ ಸದ್ದು ಬಹುಪಾಲು ಫ್ರೇಮು ಬೆಲ್ಟಿನ ಒಳಗೆ ಸೇರುವ ಕಡೆ ಬರುತ್ತದೆ. ಬಿಚ್ಚಿ, ಮಣ್ಣು ಒರೆಸಿ, ಲೋಹ ತಗುಲುವಲ್ಲಿ ಬಟ್ಟೆ ಟೇಪು ಸುತ್ತಿ. ಅಥವಾ ಮೇಣ ಉಜ್ಜಿ.

ಇನ್ನು ಮೂಳೆ. ಬಿಡಿಸಿದರೆ ಹಗುರ, ಖಂಡಿತ. ದೂರ ಜಾಸ್ತಿ ಇದ್ದರೆ, ಒಬ್ಬನೇ ಇದ್ದರೆ ಬಿಡಿಸಿ. ಆದರೆ ಮೂಳೆ ಇದ್ದ ಕಾಲು ಗಟ್ಟಿ ಮರದ ದಿಮ್ಮಿ ಇದ್ದ ಹಾಗೆ. ಇಟ್ಟಲ್ಲಿ ಇರುತ್ತದೆ, ಕಟ್ಟಲು ಸುಲಭ, ಮೇಲ್ಮೈ ಕಡಿಮೆ ಕತ್ತರಿಸಿದ್ದರಿಂದ ಕೊಳೆಯೂ ಕಡಿಮೆ. ಬಿಡಿಸಿದ ಮಾಂಸ ನೀರಿನ ಚೀಲ. ಬಿಡಿಸುವುದಾದರೆ ಒಂದು ದೊಡ್ಡ ಚೀಲಕ್ಕೆ ಬದಲು ಮೂರು ಸಣ್ಣ ಚೀಲ ಮಾಡಿ, ದಿಂಬಿನ ಹಾಗೆ ಉದ್ದಕ್ಕೆ ಒಂದರ ಮೇಲೊಂದು ಜೋಡಿಸಿ. ನನ್ನ ಜೀರುಂಡೆ ಅವತಾರ ತಪ್ಪಿಸಬಹುದಿತ್ತು.

ನಾನು ಹಿಂಗಾಲು ಕಟ್ಟುವ ರೀತಿ ಹೇಳುತ್ತೇನೆ. ಹಿಮ್ಮಡಿಯ ಕೀಲಿನಲ್ಲಿ, ಅಂದರೆ ಹಿಂಗಾಲು ಹಿಂದಕ್ಕೆ ಮಡಚಿದ ಹಾಗೆ ಕಾಣುವ ಕಡೆ, ಕೆಳಗಾಲು ತೆಗೆದುಬಿಡುತ್ತೇನೆ. ಬಟ್ಟೆ ಚೀಲಕ್ಕೆ ಹಾಕಿ ಕೊಂಬೆಗೆ ತೂಗು ಹಾಕಿ ಅರ್ಧ ಗಂಟೆ ಗಾಳಿಗೆ ಬಿಡುತ್ತೇನೆ. ಬಿಸಿ ಮಾಂಸವನ್ನು ಹಾಗೇ ಬೆನ್ನಿಗೆ ಕಟ್ಟಿದರೆ ಅದೂ ಬೆವರುತ್ತದೆ, ನಾವೂ ಬೆವರುತ್ತೇವೆ. ಬ್ಯಾಗನ್ನು ನೆಲದಲ್ಲಿ ಅಂಗಾತ ಮಲಗಿಸಿ, ಫ್ರೇಮಿನಿಂದ ಬ್ಯಾಗ್ ಬಿಡಿಸಿ ಪಕ್ಕಕ್ಕೆ ಮಗುಚುತ್ತೇನೆ. ಕಾಲಿನ ಚಪ್ಪಟೆ ಬದಿ ಫ್ರೇಮಿಗೆ. ದಪ್ಪ ಭಾಗ ಮೇಲೆ, ಎರಡು ರೆಕ್ಕೆಮೂಳೆಗಳ ನಡುವೆ ಬರುವಂತೆ. ಸಣಕಲು ತುದಿ ಕೆಳಗೆ ಶೆಲ್ಫಿಗೆ. ಆಮೇಲೆ ಕೆಳಗಿನ ಪಟ್ಟಿಯಿಂದ ಬಿಗಿಯಲು ಶುರು, ಮೇಲಕ್ಕೆ ಹೋಗುತ್ತಾ. ಮೇಲಿಂದ ಬಿಗಿದರೆ ಹಿಂಡಿದ ಹಾಗೆ ಕೆಳಗೆ ಇಳಿಯುತ್ತದೆ. ಎಲ್ಲ ಕಟ್ಟಿ ಆದಮೇಲೆ ಮೊಣಕಾಲು ಕೊಟ್ಟು ಒತ್ತಿ ಇನ್ನೊಂದು ಸುತ್ತು ಬಿಗಿಯಿರಿ. ಹಿಡಿದು ಅಲ್ಲಾಡಿಸಿದರೆ ಮಾಂಸ, ಫ್ರೇಮು, ಬ್ಯಾಗು ಮೂರೂ ಒಂದಾಗಿ ಅಲ್ಲಾಡಬೇಕು. ಮಾಂಸ ಬೆನ್ನಿನಿಂದ ಒಂದು ಇಂಚು ದೂರ ಇದ್ದರೂ ಅದರ ಎಳೆತ ಇಳಿಜಾರಿನಲ್ಲಿ ಗೊತ್ತಾಗುತ್ತೆ.

ಬಿದ್ದ ಮರಗಳು ಜಾಸ್ತಿ ಇರುವ ಕಡೆ, ದಾಟಿ ದಾಟಿ ಹೋಗಬೇಕಾದಲ್ಲಿ, ಸ್ವಲ್ಪ ಕೆಳಗೆ ಕಟ್ಟುತ್ತೇನೆ. ತಲೆಭಾರ ಇದ್ದರೆ ಒಂಟಿ ಕಾಲಲ್ಲಿ ನಿಂತಾಗ ತೂಗುತ್ತದೆ.

ಎದ್ದು ನಿಲ್ಲುವುದಕ್ಕೂ ಒಂದು ದಾರಿ ಇದೆ. ರೈಫಲ್ ಖಾಲಿ ಮಾಡಿ ಮೊದಲೇ ಬ್ಯಾಗಿಗೆ ಕಟ್ಟಿ. ಇಳಿಜಾರಿನಲ್ಲಿ ಬ್ಯಾಗು ಮೇಲ್ಗಡೆ, ನೀವು ಕೆಳಗಡೆ ಮುಖ ಮಾಡಿ ಕೂತು ಪಟ್ಟಿಗಳನ್ನು ಹಾಕಿಕೊಳ್ಳಿ. ಪಕ್ಕಕ್ಕೆ ಹೊರಳಿ ಅಂಬೆಗಾಲಿಗೆ ಬನ್ನಿ. ಒಂದು ಮೊಣಕಾಲು ಊರಿ, ಪೋಲ್ ಹಿಡಿದು ಏಳಿ. ನಿಂತ ಜಾಗದಲ್ಲಿ ಎತ್ತಿ ಭುಜಕ್ಕೆ ಎಸೆದುಕೊಳ್ಳುವವರನ್ನು ವಿಡಿಯೊದಲ್ಲಿ ನೋಡಿರುತ್ತೀರಿ. ಅವರ ಸೊಂಟ ಅವರಿಗೆ.

ಭಾರಹೊತ್ತವ:

7000ದ ವಿಷಯ ಒಪ್ಪಿದೆ ಮಾರಾಯ್ರೇ, ನನ್ನದು ಶೆಲ್ಫ್ ಇಲ್ಲದ ಕಾಲದ ಬ್ಯಾಗು.

ನನ್ನ ಕಡೆಯಿಂದ ಒಂದೆರಡು ಮಾತು. ಕೊಲೊರಾಡೊ ರೈಫಲ್ ಸೀಸನ್ನಿನಲ್ಲಿ ಸೊಂಟದ ಮೇಲೆ 500 ಚದರ ಇಂಚು ಕಿತ್ತಳೆ ಅಥವಾ ಗುಲಾಬಿ ಬಣ್ಣ ಹಾಕಲೇಬೇಕು, ಟೋಪಿಯೂ ಅದೇ ಬಣ್ಣ. ಹೊಸಬರು ಕಿತ್ತಳೆ ವೆಸ್ಟ್ ಹಾಕಿ ಅದರ ಮೇಲೆ ಕಂದು ಬಣ್ಣದ ಬ್ಯಾಗ್ ಹಾಕುತ್ತಾರೆ. ಹಿಂದಿನಿಂದ ನೋಡಿದರೆ ಕಂದು ಬಣ್ಣದ್ದೇನೋ ಪೊದೆಯಲ್ಲಿ ನಡೆಯುತ್ತಿದೆ. ಬ್ಯಾಗಿಗೂ ಒಂದು ಕಿತ್ತಳೆ ಬಟ್ಟೆ ಕಟ್ಟಿ. ಕೊಂಬು ಹೊರುವಾಗಲಂತೂ ಕೊಂಬಿಗೇ ಕಟ್ಟಿ. ಕೊಂಬಿನ ಮೊನೆ ನಿಮ್ಮ ಕತ್ತು, ತೊಡೆ ಕಡೆ ತಿರುಗಿರಬಾರದು. ಬಿದ್ದರೆ ಚುಚ್ಚುತ್ತದೆ.

ಗಂಡೋ ಹೆಣ್ಣೋ ಅಂತ ತೋರಿಸುವ ಭಾಗ ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕು ಅನ್ನುವ ನಿಯಮ ಇದೆ. ಅದಿರುವ ಚೀಲಕ್ಕೆ ಬೇರೆ ಬಣ್ಣದ ದಾರ ಕಟ್ಟಿಕೊಳ್ಳಿ. ನಾಲ್ಕು ಕಾಲು, ಬೆನ್ನಿನ ಉದ್ದ ಮಾಂಸ, ಒಳ ಮೆತ್ತನೆ ಮಾಂಸ ಇಷ್ಟನ್ನೂ ಹೊರಲೇಬೇಕು, ಭಾರ ಅಂತ ಬಿಟ್ಟು ಬರುವ ಹಾಗಿಲ್ಲ.

ಮೂರು ಮೈಲಿ ಒಳಗೆ ಅಂದಿರಿ. ಗಂಡು ಎಲ್ಕನ್ನು ಮೂಳೆ ಬಿಡಿಸಿ ಒಬ್ಬನೇ ನಾಲ್ಕು ಸಲದಲ್ಲಿ ಇಳಿಸಿದರೆ ಇಳಿಯುವುದು 12 ಮೈಲಿ, ಖಾಲಿ ಹತ್ತುವುದು 9, ಒಟ್ಟು 21. ನೀವು ಮೂರು ಜನ. ಮೂಳೆ ಸಮೇತ ನಾಲ್ಕು ಕಾಲು, ಮಿಕ್ಕ ಮಾಂಸ ಸೇರಿ ಐದು ಚೀಲ ಆಗುತ್ತದೆ. ಮೊದಲ ಸಲ ಮೂರು, ಎರಡನೇ ಸಲ ಎರಡು ಚೀಲ ಇಬ್ಬರಿಗೆ, ಮೂರನೆಯವನಿಗೆ ಕ್ಯಾಂಪಿನ ಸಾಮಾನು. ಉಳಿದ ಚೀಲಗಳನ್ನು ಕರುಳು ಬಿದ್ದ ಜಾಗದಿಂದ ದೂರ, ನೆರಳಲ್ಲಿ, ಎತ್ತರಕ್ಕೆ ತೂಗು ಹಾಕಿ. ಕರಡಿ ಬರುತ್ತದೆ. ವಾಪಸ್ ಬರುವಾಗ ಮಾತಾಡುತ್ತಾ ಬನ್ನಿ.

ಸಣ್ಣಬೆನ್ನು:

ಅಭ್ಯಾಸಕ್ಕೆ ಉಪ್ಪಿನ ಚೀಲಕ್ಕಿಂತ ನೀರಿನ ಕ್ಯಾನ್ ಒಳ್ಳೇದು. ಒಂದು ಗ್ಯಾಲನ್ ಎಂಟು ಪೌಂಡಿಗೆ ಸ್ವಲ್ಪ ಜಾಸ್ತಿ. ಹೊತ್ತು ಹತ್ತಿ, ಮೇಲೆ ಸುರಿದು, ಖಾಲಿ ಇಳಿಯಿರಿ, ಮೊಣಕಾಲು ಉಳಿಯುತ್ತದೆ. ಹಾಗಂತ ಒಂದು ಸಲವಾದರೂ ಸುರಿಯದೇ ಇಳಿಯಿರಿ. ಬೇಟೆಯಲ್ಲಿ ಭಾರ ಇರುವುದು ಇಳಿಯುವಾಗಲೇ ಅಲ್ವಾ. ಆ ದಿನ ತಲೆಗೆ ಟಾರ್ಚ್ ಕಟ್ಟಿ ಕತ್ತಲಲ್ಲೇ ಹೋಗಿ.

ಬಕಲ್‌ಗಳನ್ನು ಕೈಗವಸು ಹಾಕಿಕೊಂಡು ಬಿಚ್ಚಲು ಬರುತ್ತದಾ ನೋಡಿ. ಒಂದು ಬಿಡಿ ಬಕಲ್ ಜೇಬಲ್ಲಿ ಇರಲಿ. ನನ್ನದು ಒಮ್ಮೆ ಹಿಮದಲ್ಲಿ ಗಾಡಿ ಬಾಗಿಲಿಗೆ ಸಿಕ್ಕಿ ಒಡೆದು, ಹಗ್ಗದ ಗಂಟು ಹಾಕಿಕೊಂಡು ಇಳಿದೆ.

ಮೊದಲಟ್ಯಾಗ್:

ಮೂರು ವಾರದ ನಂತರ ಬರೆಯುತ್ತಿದ್ದೇನೆ. 24 ವಾಪಸ್ ಕೊಟ್ಟೆ. 26 ಇಂಚಿನ ಅಲ್ಯೂಮಿನಿಯಂ ಫ್ರೇಮ್, 5000 ಬ್ಯಾಗು ಬಂತು. ಬೆಲ್ಟು ಒಂದು ಸೈಜು ಚಿಕ್ಕದಕ್ಕೆ ಬದಲಾಯಿಸಿದೆ, ಈಗ ಮೆತ್ತೆಗಳ ನಡುವೆ ನಾಲ್ಕು ಬೆರಳು ಜಾಗ ಇದೆ. ಪ್ಯಾಂಟಿನ ಬೆಲ್ಟು ಮನೆಯಲ್ಲೇ ಇರುತ್ತದೆ.

ಶನಿವಾರ ಮರಳು ಚೀಲವನ್ನು ಹಳೇ ಟವೆಲಿನಲ್ಲಿ ಸುತ್ತಿ ಹಿಂಗಾಲಿನ ಆಕಾರ ಮಾಡಿ ಶೆಲ್ಫಿಗೆ ಕಟ್ಟಿದೆ, 65 ಪೌಂಡು. ಮಿಕ್ಕ ಸಾಮಾನು ಸೇರಿ ತಕ್ಕಡಿ 88 ತೋರಿಸಿತು. ಕತ್ತಲಲ್ಲಿ ಎರಡು ಮೈಲಿ ಇಳಿದೆ. ನಾಲ್ಕು ಸಲ ನಿಂತೆ. ಜೋಮು ಇಲ್ಲ. ಮೊದಲ ಸಲ ಏಳುವಾಗ ಅಂಬೆಗಾಲಿಗೆ ಬಂದು ಅಲ್ಲೇ ಒಂದು ನಿಮಿಷ ಇದ್ದೆ, ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬರು ಆಂಬುಲೆನ್ಸ್ ಕರೆಯಲಾ ಅಂತ ಕೇಳಿದರು.

ಒಂದು ಉಳಿದಿದೆ. ಎಡ ಭುಜದ ಪಟ್ಟಿ ಅರ್ಧ ಗಂಟೆಗೊಮ್ಮೆ ತಾನಾಗೇ ಸಡಿಲ ಆಗುತ್ತದೆ. ಬಲದ್ದು ಆಗುವುದಿಲ್ಲ.

ಒಂಟಿಕೋಲು:

ಎಡಗಡೆ ಪಟ್ಟಿಯ ಬಾಲ ಬಕಲ್ಲಿನಲ್ಲಿ ತಿರುಚಿಕೊಂಡು ಹೋಗಿದೆಯಾ ನೋಡಿ. ಪೂರ್ತಿ ಹೊರಗೆ ಎಳೆದು ನೇರ ಮಾಡಿ ಮತ್ತೆ ಪೋಣಿಸಿ. ನೇರ ಇದ್ದೂ ಜಾರಿದರೆ ಬಕಲ್ಲಿನ ಹಲ್ಲು ಸವೆದಿದೆ ಅಥವಾ ಅಚ್ಚೇ ಸರಿಯಿಲ್ಲ, ಹೊಸ ಬ್ಯಾಗು ತಾನೇ, ಬದಲಾಯಿಸಿ ಕೊಡಿ ಅಂತ ಕೇಳಿ. ಈಗಲೇ ಕೇಳಿ, ಸೀಸನ್ ಹತ್ತಿರ ಬಂದರೆ ಅವರಿಗೂ ಪುರುಸೊತ್ತಿರುವುದಿಲ್ಲ. ಅಲ್ಲಿಯವರೆಗೆ ಪಟ್ಟಿಯ ಬಾಲವನ್ನು ಬಕಲ್ಲಿನ ಕೆಳಗೆ ಒಂದು ಅರ್ಧ ಗಂಟು ಹಾಕಿಡಿ.

ನಾಲ್ಕು ಸಲ ಅಂದಿರಿ. ನನಗೆ ಹೊಟ್ಟೆಕಿಚ್ಚು.